ಓವನ್ ಇಲ್ಲದೆ ಕ್ರಿಸ್‌ಮಸ್ ಕೇಕ್ ಉಂಡೆ



ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಊರುಗಳ ಬೇಕರಿಗಳಲ್ಲಿ ಪ್ಲಮ್ ಕೇಕಿನ ಪರಿಮಳ ತುಂಬಿಕೊಳ್ಳುತ್ತದೆ. ಕೆಲವು ಶಾಲೆಗಳಿಗೆ ವಾರದ ರಜೆ ಇರುತ್ತದೆ, ಕೆಲವಕ್ಕೆ ಹಬ್ಬದ ದಿನ ಮಾತ್ರ. ಈ ರಜೆಯಲ್ಲಿ ಮನೆಯಲ್ಲೇ ಏನಾದರೂ ಕೇಕ್ ಮಾಡೋಣ ಎಂಬ ಆಸೆ ನಿಮ್ಮಲ್ಲಿ ಹಲವರಿಗೆ ಇದ್ದೀತು. ಆದರೆ ಆಸೆಯ ಜೊತೆಗೇ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಓವನ್. ಅದು ಎಲ್ಲರ ಮನೆಯಲ್ಲಿ ಇರುವುದಿಲ್ಲ. ಹಾಸ್ಟೆಲಿನಲ್ಲಂತೂ ಕೇಳುವುದೇ ಬೇಡ. ಎರಡನೆಯದು ಮೊಟ್ಟೆ. ನಾವು ಪ್ರೀತಿಯಿಂದ ಕೊಟ್ಟದ್ದನ್ನು ಪಕ್ಕದ ಮನೆಯವರು ಮೊಟ್ಟೆ ಇರುವ ಕಾರಣಕ್ಕೆ ತಿನ್ನಲಾರದೆ ಹೋಗಬಹುದು. ಈ ಎರಡೂ ತೊಡಕುಗಳಿಲ್ಲದ ಒಂದು ಸಿಹಿಯನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡುತ್ತೇನೆ. ಅದೇ ಕೇಕ್ ಉಂಡೆ.

ಇದು ಹೊಸ ಸಂಗತಿಯೇನೂ ಅಲ್ಲ. ಡೆನ್ಮಾರ್ಕ್ ದೇಶದ ಬೇಕರಿಗಳಲ್ಲಿ ಉಳಿದ ಕೇಕು ಮತ್ತು ಪೇಸ್ಟ್ರಿಗಳ ಚೂರುಗಳನ್ನು ಕೂಡಿಸಿ, ಕೋಕೊ ಮತ್ತು ರಮ್ ಪರಿಮಳ ಬೆರೆಸಿ ಉಂಡೆ ಕಟ್ಟುವ ಪದ್ಧತಿ ಇದೆ. ಹಂಗೇರಿಯ ಮನೆಗಳಲ್ಲಿ ಬಿಸ್ಕತ್ತಿನ ಪುಡಿ, ಕೋಕೊ ಸೇರಿಸಿದ ಉಂಡೆಗಳನ್ನು ಕೊಬ್ಬರಿ ಪುಡಿಯಲ್ಲಿ ಹೊರಳಿಸಿ ಕ್ರಿಸ್‌ಮಸ್ ಹಬ್ಬಕ್ಕೆ ಮಾಡುತ್ತಾರೆ. ಆಸ್ಟ್ರೇಲಿಯದಲ್ಲಿ ಕ್ರಿಸ್‌ಮಸ್ ಬರುವುದು ಕಡು ಬೇಸಿಗೆಯಲ್ಲಿ. ಅಲ್ಲಿಯೂ ಬಿಸ್ಕತ್ತು, ಕಂಡೆನ್ಸ್‌ಡ್ ಹಾಲು, ಕೊಬ್ಬರಿ ಸೇರಿಸಿದ ಇಂಥ ಉಂಡೆಗಳು ಹಬ್ಬದ ತಟ್ಟೆಯಲ್ಲಿ ಇರುತ್ತವೆ. ಆ ಸೆಕೆಯಲ್ಲಿ ಓವನ್ ಹೊತ್ತಿಸುವ ಕಷ್ಟ ತಪ್ಪುತ್ತದೆ. ಅಲ್ಲೆಲ್ಲ ದೊಡ್ಡವರಿಗಾಗಿ ರಮ್ ಸೇರಿಸುವ ರೂಢಿಯಿದೆ. ನಾವು ಅದರ ಬದಲು ಕಿತ್ತಳೆ ರಸ ಬಳಸೋಣ. ಹುಳಿಸಿಹಿ ರಸವೂ ಸಿಪ್ಪೆಯ ಪರಿಮಳವೂ ಕೋಕೊದ ಕಹಿಗೆ ಬಹಳ ಚೆನ್ನಾಗಿ ಹೊಂದುತ್ತವೆ.

ನಮ್ಮ ನಾಡಿನ ಕ್ರಿಸ್‌ಮಸ್ ತಿಂಡಿಗಳೂ ಓವನ್ನನ್ನು ನಂಬಿಕೊಂಡು ಬಂದವಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಮಾಡುವ ಕುಸ್ವಾರ್ ಎಂಬ ತಿಂಡಿಗಳ ತಟ್ಟೆಯನ್ನು ನೋಡಿ. ಕಿಡಿಯೊ, ಗುಳಿಯೊ, ನೆವ್ರ್ಯೊ, ರೋಸ್ ಕುಕ್ಕಿ, ಎಳ್ಳಿನ ಉಂಡೆ ಹೀಗೆ ಅದರಲ್ಲಿ ಹಲವು ಬಗೆ. ಅಕ್ಕಿ, ತೆಂಗಿನಕಾಯಿ, ಎಳ್ಳು, ಬೆಲ್ಲ, ಮೈದಾ ಇವೇ ಮೂಲ ಸಾಮಗ್ರಿ. ಬಹುಪಾಲು ಕೆಲಸ ಬಾಣಲೆಯಲ್ಲೇ. ತಟ್ಟೆ ಸಿದ್ಧವಾದ ಮೇಲೆ ಅದು ನೆರೆಹೊರೆಯ ಮನೆಗಳಿಗೆ ಹೋಗುತ್ತದೆ. ಮೂರು ವಾರ ಕಳೆದರೆ ಸಂಕ್ರಾಂತಿ. ಆಗ ಎಳ್ಳು ಬೆಲ್ಲ ಬೀರುವುದನ್ನು ನೀವು ಬಲ್ಲಿರಿ. ತಿಂಡಿ ಬೇರೆ, ಕೊಡುವ ಸಂತೋಷ ಒಂದೇ.

ಈಗ ಅಡುಗೆಮನೆಗೆ ಹೋಗೋಣ. ಅಳತೆಗಳನ್ನು ಬರೆದುಕೊಳ್ಳಲು ಅನುಕೂಲವಾಗಲೆಂದು ಇಲ್ಲಿ ಕೊಟ್ಟಿದೆ. ಇದರಿಂದ ಸುಮಾರು 30 ಉಂಡೆಗಳಾಗುತ್ತವೆ.

ಮೇರಿ ಬಿಸ್ಕತ್ತು: 250 ಗ್ರಾಂ
ಕಂಡೆನ್ಸ್‌ಡ್ ಹಾಲು: 200 ಗ್ರಾಂ
ಬೆಣ್ಣೆ: 40 ಗ್ರಾಂ
ಸಿಹಿಯಿಲ್ಲದ ಕೋಕೊ ಪುಡಿ: 3 ದೊಡ್ಡ ಚಮಚ
ಒಣದ್ರಾಕ್ಷಿ, ಖರ್ಜೂರ, ಗೋಡಂಬಿ: ಸಣ್ಣಗೆ ಹೆಚ್ಚಿದ್ದು, ಒಟ್ಟು 80 ಗ್ರಾಂ
ಕಿತ್ತಳೆ ಹಣ್ಣು: 1
ದಾಲ್ಚಿನ್ನಿ ಪುಡಿ: ಕಾಲು ಚಿಕ್ಕ ಚಮಚ
ಲವಂಗದ ಪುಡಿ: ಒಂದು ಚಿಟಿಕೆ
ಒಣಕೊಬ್ಬರಿಯ ಸಣ್ಣ ತುರಿ: 60 ಗ್ರಾಂ

ಮೊದಲು ಕಿತ್ತಳೆಯನ್ನು ಚೆನ್ನಾಗಿ ತೊಳೆದು ಒರೆಸಿ. ತುರಿಮಣೆಯ ಸಣ್ಣ ರಂಧ್ರದಲ್ಲಿ ಸಿಪ್ಪೆಯ ಮೇಲ್ಪದರವನ್ನಷ್ಟೇ ಹಗುರವಾಗಿ ತುರಿದುಕೊಳ್ಳಿ. ಒಳಗಿನ ಬಿಳಿಯ ಭಾಗ ಕಹಿಯಾದ್ದರಿಂದ ಅದು ಬೇಡ. ಅನಂತರ ಹಣ್ಣನ್ನು ಹಿಂಡಿ ಮೂರು ದೊಡ್ಡ ಚಮಚ ರಸ ತೆಗೆದು, ಹೆಚ್ಚಿದ ದ್ರಾಕ್ಷಿ ಖರ್ಜೂರಗಳನ್ನು ಅದರಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಗೋಡಂಬಿಯನ್ನು ನೆನೆಸಬೇಡಿ, ಅದು ಗರಿಗರಿಯಾಗಿದ್ದರೆ ಚೆನ್ನ.

ಬಿಸ್ಕತ್ತನ್ನು ಶುಭ್ರವಾದ ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ. ಪುಡಿ ಚಿರೋಟಿ ರವೆಯಂತೆ ಇರಲಿ. ತೀರ ಹಿಟ್ಟಾದರೆ ಉಂಡೆ ಅಂಟಂಟಾಗುತ್ತದೆ, ತೀರ ದಪ್ಪ ಚೂರುಗಳಿದ್ದರೆ ಒಡೆಯುತ್ತದೆ. ಕೋಕೊ ಪುಡಿಯನ್ನೂ ಮಸಾಲೆ ಪುಡಿಗಳನ್ನೂ ಜರಡಿಯಲ್ಲಿ ಆಡಿಸಿ ಇದಕ್ಕೆ ಸೇರಿಸಿ. ಅಂಗಡಿಯಲ್ಲಿ ಹಾಲಿಗೆ ಬೆರೆಸಿ ಕುಡಿಯುವ ಚಾಕೊಲೇಟ್ ಪುಡಿಯೂ ಸಿಗುತ್ತದೆ. ಅದರಲ್ಲಿ ಸಕ್ಕರೆ ಇರುವುದರಿಂದ ಈ ಕೆಲಸಕ್ಕೆ ಒದಗದು.

ಒಂದು ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕಂಡೆನ್ಸ್‌ಡ್ ಹಾಲು ಹಾಕಿ ಕಲಕಿ. ಕುದಿಯುವುದು ಬೇಡ, ಬೆಚ್ಚಗಾದರೆ ಸಾಕು. ಒಲೆ ಆರಿಸಿ. ಬಿಸ್ಕತ್ತಿನ ಪುಡಿಗೆ ನೆನೆದ ಹಣ್ಣು, ಉಳಿದ ರಸ, ಗೋಡಂಬಿ, ಸಿಪ್ಪೆಯ ತುರಿ ಮತ್ತು ಒಂದು ಹಿಡಿ ಕೊಬ್ಬರಿ ತುರಿ ಹಾಕಿ. ಈ ಹಾಲನ್ನು ಒಂದೇ ಸಲಕ್ಕೆ ಸುರಿಯದೆ, ಮುಕ್ಕಾಲು ಭಾಗ ಹಾಕಿ ಕಲಸಿ ನೋಡಿ. ಹಿಡಿಯಲ್ಲಿ ಒತ್ತಿದಾಗ ಮುದ್ದೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಉದುರಿದರೆ ಉಳಿದದ್ದನ್ನೂ ಹಾಕಿ.

ಈಗ ಅವಸರ ಮಾಡಬಾರದು. ಪಾತ್ರೆಯನ್ನು ಮುಚ್ಚಿ ಅರ್ಧ ಗಂಟೆ ಹಾಗೇ ಬಿಡಿ. ಏಕೆ ಗೊತ್ತೇ? ಬಿಸ್ಕತ್ತನ್ನು ಸುಡುವಾಗ ಅದರ ನೀರಿನಂಶ ಬಹುಮಟ್ಟಿಗೆ ಹೋಗಿರುತ್ತದೆ. ಒಣಗಿದ ಆ ಪುಡಿ ಹಾಲಿನ ಮತ್ತು ರಸದ ತೇವವನ್ನು ನಿಧಾನವಾಗಿ ಹೀರಿಕೊಂಡು ಮೆತ್ತಗಾಗುತ್ತದೆ. ಇತ್ತ ಬೆಣ್ಣೆ ತಣ್ಣಗಾಗಿ ಗಟ್ಟಿಯಾಗುತ್ತದೆ, ಕಂಡೆನ್ಸ್‌ಡ್ ಹಾಲಿನ ಸಕ್ಕರೆ ಪಾಕ ಅಂಟಿನಂತೆ ಹಿಡಿದುಕೊಳ್ಳುತ್ತದೆ. ರವೆ ಉಂಡೆಗೆ ಹಾಲು ಚಿಮುಕಿಸುವುದು, ತಂಬಿಟ್ಟಿಗೆ ಬೆಲ್ಲದ ಪಾಕ ಹಾಕುವುದು ಇದೇ ಕಾರಣಕ್ಕೆ. ನಿಮ್ಮ ಅಜ್ಜಿ ತಂಬಿಟ್ಟು ಕಟ್ಟುವಾಗ ಪಾಕದ ಹದ ನೋಡುವುದನ್ನು ಗಮನಿಸಿದ್ದರೆ, ಈ ಕೆಲಸದ ಅರ್ಧ ಪಾಠ ನಿಮಗೆ ಆಗಲೇ ಆಗಿದೆ.

ಅರ್ಧ ಗಂಟೆಯ ಬಳಿಕ ಅಂಗೈಗೆ ಚೂರು ಬೆಣ್ಣೆ ಸವರಿಕೊಂಡು ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ಕಟ್ಟಿ. ಮೊದಲು ಗಟ್ಟಿಯಾಗಿ ಒತ್ತಿ, ಆಮೇಲೆ ದುಂಡಗೆ ಮಾಡಿ. ಒತ್ತದೆ ಉರುಳಿಸಿದರೆ ಬಿರುಕು ಬಿಡುತ್ತದೆ. ಉಳಿದ ಕೊಬ್ಬರಿ ತುರಿಯಲ್ಲಿ ಹೊರಳಿಸಿ ತಟ್ಟೆಯಲ್ಲಿ ಜೋಡಿಸಿ. ಇಲ್ಲಿಗೆ ಕೇಕ್ ಉಂಡೆ ಸಿದ್ಧ.

ಮನೆಯಲ್ಲಿ ಕೇಕ್ ಉಳಿದಿದ್ದರೆ ಬಿಸ್ಕತ್ತಿನ ಬದಲು ಅದನ್ನೇ ಬಳಸಬಹುದು. ಕೆಲವು ಬೇಕರಿಗಳಲ್ಲಿ ಕೇಕಿನ ಅಂಚು, ಚೂರುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕೇಕಿನಲ್ಲಿ ತೇವವೂ ಜಿಡ್ಡೂ ಮೊದಲೇ ಇರುವುದರಿಂದ 250 ಗ್ರಾಂ ಕೇಕಿಗೆ 80 ರಿಂದ 100 ಗ್ರಾಂ ಕಂಡೆನ್ಸ್‌ಡ್ ಹಾಲು ಸಾಕು, ಬೆಣ್ಣೆ ಬೇಕಾಗಿಲ್ಲ. ಆದರೆ ಬೂಷ್ಟು ಹಿಡಿದ, ವಾಸನೆ ಬದಲಾದ ಕೇಕನ್ನು ಎಂದೂ ಬಳಸಬೇಡಿ. ಮಿಗಿಸಿದ್ದನ್ನು ಉಳಿಸುವುದು ಜಾಣತನ, ಕೆಟ್ಟದ್ದನ್ನು ಉಳಿಸುವುದು ಅಪಾಯ.

ಇನ್ನೊಂದು ಎಚ್ಚರಿಕೆ. ಮಿಶ್ರಣ ತೆಳ್ಳಗಾಯಿತೆಂದು ಕೆಲವರು ಹಸಿ ಮೈದಾ ಸೇರಿಸಲು ಹೋಗುತ್ತಾರೆ. ಇದು ಕೂಡದು. ಹಿಟ್ಟು ಒಣಗಿದಂತೆ ಕಂಡರೂ ಅದು ಬೇಯಿಸದ ಧಾನ್ಯವೇ; ಅದರಲ್ಲಿ ರೋಗ ತರುವ ಸೂಕ್ಷ್ಮಜೀವಿಗಳು ಇರಬಹುದು. ಬೇಯಿಸದೆ ಮಾಡುವ ಉಂಡೆ ಎಂದರೆ ಹಸಿ ಉಂಡೆ ಎಂದು ಅರ್ಥವಲ್ಲ. ಬಿಸ್ಕತ್ತು ಬೇಕರಿಯಲ್ಲಿ ಒಮ್ಮೆ ಬೆಂದು ಬಂದಿದೆ. ಆ ಬೇಯುವಿಕೆಯನ್ನೇ ನಾವು ಬಳಸಿಕೊಳ್ಳುತ್ತಿದ್ದೇವೆ. ಮಿಶ್ರಣ ತೆಳ್ಳಗಾದರೆ ಇನ್ನೆರಡು ಬಿಸ್ಕತ್ತು ಪುಡಿ ಮಾಡಿ ಹಾಕಿ.

ಚಾಕೊಲೇಟ್ ಹೊದಿಕೆ ಬೇಕೆನ್ನುವವರಿಗೆ ನಾಲ್ಕು ಮಾತು. ಉಂಡೆಗಳನ್ನು ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ಗಟ್ಟಿ ಮಾಡಿಕೊಳ್ಳಿ. 200 ಗ್ರಾಂ ಚಾಕೊಲೇಟನ್ನು ಚೂರು ಮಾಡಿ ಒಣ ಬಟ್ಟಲಿಗೆ ಹಾಕಿ. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಒಲೆ ಆರಿಸಿ, ಬಟ್ಟಲನ್ನು ಅದರ ಬಾಯಿಯ ಮೇಲೆ ಕೂರಿಸಿ ಕಲಕುತ್ತ ಕರಗಿಸಿ. ನೇರ ಉರಿಯಲ್ಲಿ ಇಟ್ಟರೆ ಸೀದುಹೋಗುತ್ತದೆ. ಬಟ್ಟಲಿಗೆ ಒಂದು ಹನಿ ನೀರೂ ಬೀಳಬಾರದು. ಚಾಕೊಲೇಟ್ ಎಂದರೆ ಕೊಬ್ಬಿನೊಳಗೆ ಹರಡಿರುವ ಸಕ್ಕರೆ ಮತ್ತು ಕೋಕೊದ ಸೂಕ್ಷ್ಮ ಕಣಗಳು. ಅದರಲ್ಲಿ ನೀರು ಇಲ್ಲವೆಂದೇ ಹೇಳಬಹುದು. ಒಂದೆರಡು ಹನಿ ನೀರು ಸೇರಿದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು, ಇಡೀ ಚಾಕೊಲೇಟ್ ಗಟ್ಟಿ ಮುದ್ದೆಯಾಗುತ್ತದೆ.

ಕೋಕೊ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಮ್ಮ ದೇಹದ ಉಷ್ಣತೆ 37 ಡಿಗ್ರಿ. ಹೀಗಾಗಿ ಕೈಯಲ್ಲಿ ಗಟ್ಟಿಯಾಗಿದ್ದ ಚಾಕೊಲೇಟ್ ಬಾಯಲ್ಲಿ ಕರಗುತ್ತದೆ. ಇದೇ ಗುಣ ಕರಾವಳಿಯವರಿಗೆ ತೊಂದರೆಯನ್ನೂ ಕೊಡುತ್ತದೆ. ಮಂಗಳೂರು, ಕಾರವಾರಗಳಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ಡಿಗ್ರಿ ದಾಟುವುದು ಸಾಮಾನ್ಯ. ಹೊದಿಕೆ ಮೆತ್ತಗಾಗಿ ಕೈಗಂಟುತ್ತದೆ. ಅಲ್ಲಿಯವರಿಗೆ ಕೊಬ್ಬರಿಯ ಹೊದಿಕೆಯೇ ಲೇಸು. ಒಮ್ಮೊಮ್ಮೆ ಚಾಕೊಲೇಟಿನ ಮೇಲೆ ಬೂದಿ ಬಣ್ಣದ ಮಸುಕು ಕಾಣಿಸುತ್ತದೆ. ಕೊಬ್ಬು ಕರಗಿ ಮತ್ತೆ ಹೆಪ್ಪುಗಟ್ಟಿದಾಗಲೋ, ತೇವ ತಗುಲಿ ಸಕ್ಕರೆ ಮೇಲೆದ್ದಾಗಲೋ ಹೀಗಾಗುತ್ತದೆ. ಅದು ಬೂಷ್ಟಲ್ಲ, ತಿನ್ನಬಹುದು.

ನಮ್ಮ ತಟ್ಟೆಗೆ ಬಂದಿರುವ ಈ ಪದಾರ್ಥಗಳಿಗೂ ಒಂದೊಂದು ಚರಿತ್ರೆ ಇದೆ. ಮೇರಿ ಬಿಸ್ಕತ್ತನ್ನು ಲಂಡನ್ನಿನ ಪೀಕ್ ಫ್ರೀನ್ ಕಂಪನಿ 1874ರಲ್ಲಿ, ರಷ್ಯದ ರಾಜಕುಮಾರಿ ಮರಿಯಾ ಅಲೆಕ್ಸಾಂಡ್ರೊವ್ನಾ ಅವರ ವಿವಾಹದ ನೆನಪಿಗೆ ತಯಾರಿಸಿತು. ಕಂಡೆನ್ಸ್‌ಡ್ ಹಾಲಿಗೆ ಅಮೆರಿಕದ ಗೇಲ್ ಬೋರ್ಡನ್ 1856ರಲ್ಲಿ ಪೇಟೆಂಟ್ ಪಡೆದರು. ಕೋಕೊ ಬೀಜದಿಂದ ಬೆಣ್ಣೆಯನ್ನು ಹಿಂಡಿ ತೆಗೆದು ಪುಡಿ ಮಾಡುವ ವಿಧಾನಕ್ಕೆ ಹಾಲೆಂಡಿನ ವಾನ್ ಹೌಟನ್ ಕುಟುಂಬ 1828ರಲ್ಲಿ ಪೇಟೆಂಟ್ ಪಡೆಯಿತು. ಇದೆಲ್ಲ ದೂರದ ಮಾತಾಯಿತು. ಹತ್ತಿರದ ಮಾತೂ ಒಂದಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಕೋಕೊ ಉಪಬೆಳೆಯಾಗಿ ಬೆಳೆಯುತ್ತದೆ. ಕೊಳ್ಳುವವರಿಲ್ಲದೆ ಕೋಕೊ ಬೆಳೆಗಾರರು ಕಷ್ಟಕ್ಕೆ ಸಿಲುಕಿದಾಗ, 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು; 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಒಣದ್ರಾಕ್ಷಿ ವಿಜಯಪುರದ ಕಡೆ ತಯಾರಾಗುತ್ತದೆ, ಗೋಡಂಬಿ ಕರಾವಳಿಯಲ್ಲಿ. ಒಂದು ಉಂಡೆಯಲ್ಲಿ ಎಷ್ಟು ಜಿಲ್ಲೆಗಳ ದುಡಿಮೆ ಸೇರಿದೆ, ಯೋಚಿಸಿ.

ಇನ್ನು ಸಂಗ್ರಹಿಸುವ ವಿಷಯ. ಒಣ ಡಬ್ಬದಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಈ ಉಂಡೆಗಳು ಒಂದು ವಾರ ಇರುತ್ತವೆ. ಫ್ರಿಜ್ ಇಲ್ಲದವರು ಎರಡು ದಿನಗಳೊಳಗೆ ಮುಗಿಸುವುದು ಕ್ಷೇಮ. ಕಂಡೆನ್ಸ್‌ಡ್ ಹಾಲಿನಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. ಆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬೇಕಾದ ನೀರು ಸಿಗುವುದಿಲ್ಲ. ಹಸಿ ತೆಂಗಿನ ತುರಿಯಾಗಲಿ, ತಾಜಾ ಕೆನೆಯಾಗಲಿ ಸೇರಿಸಿದರೆ ಈ ರಕ್ಷಣೆ ತಪ್ಪುತ್ತದೆ. ಆಗ ಅದೇ ದಿನ ತಿನ್ನಬೇಕು. ಸಕ್ಕರೆ ಹೆಚ್ಚಿರುವುದರಿಂದ ಒಬ್ಬರಿಗೆ ಒಂದೆರಡು ಉಂಡೆ ಸಾಕು ಎಂಬುದನ್ನೂ ನೆನಪಿಡಿ.

ಕೊನೆಯದಾಗಿ, ನನಗೆ ಬಹಳ ಮುಖ್ಯವೆನಿಸುವ ಒಂದು ಮಾತು. ಹಬ್ಬದ ತಿಂಡಿಯನ್ನು ಕೊಡುವಾಗ ಅದರಲ್ಲಿ ಏನೇನಿದೆ ಎಂದು ಹೇಳಿ ಕೊಡಿ. ನಿಮ್ಮ ಗೆಳೆಯನ ಮನೆಯವರು ಮೊಟ್ಟೆ ತಿನ್ನದವರಾಗಿರಬಹುದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದೆಯೇ ನೋಡಿ. ಬೇಕರಿಯ ಕೇಕಾದರೆ ಮೊಟ್ಟೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಗೋಡಂಬಿ, ಶೇಂಗಾ, ಹಾಲು, ಗೋಧಿ ಕೆಲವರಿಗೆ ಒಗ್ಗುವುದಿಲ್ಲ. ಕೆಲವೊಮ್ಮೆ ಅದು ಪ್ರಾಣಕ್ಕೂ ಅಪಾಯ. ಪುಟ್ಟ ಮಕ್ಕಳಿರುವ ಮನೆಗೆ ಕೊಡುವುದಾದರೆ ಗೋಡಂಬಿಯನ್ನು ನುಣ್ಣಗೆ ಪುಡಿ ಮಾಡಿ, ಉಂಡೆಯನ್ನು ಮುರಿದು ತಿನ್ನಿಸಲು ಹೇಳಿ. ಮಧುಮೇಹ ಇರುವ ತಾತನವರಿಗೆ ಈ ಉಂಡೆಯ ಬದಲು ಒಂದು ಕಿತ್ತಳೆ ಕೊಟ್ಟು, ಐದು ನಿಮಿಷ ಕೂತು ಮಾತನಾಡಿಸಿ ಬನ್ನಿ. ಒಂದು ಚೀಟಿಯಲ್ಲಿ ಸಾಮಗ್ರಿಗಳ ಹೆಸರು ಬರೆದು ಡಬ್ಬದ ಮೇಲೆ ಅಂಟಿಸುವುದಕ್ಕೆ ಎರಡು ನಿಮಿಷವೂ ಬೇಡ. ನಾವು ಕೊಟ್ಟದ್ದನ್ನು ಇನ್ನೊಬ್ಬರು ಅನುಮಾನವಿಲ್ಲದೆ ಬಾಯಿಗಿಡುವಂತಾಗಬೇಕು. ಒಂದೇ ಬೀದಿಯಲ್ಲಿ ಹಲವು ಹಬ್ಬಗಳನ್ನು ಮಾಡುವ ನಮಗೆ ಈ ನಂಬಿಕೆ ಬಹಳ ದೊಡ್ಡದು. ಒಂದು ಸಲ ಅದು ಮುರಿದರೆ, ಮುಂದಿನ ವರ್ಷ ತಟ್ಟೆ ಬಾಗಿಲಲ್ಲೇ ನಿಲ್ಲುತ್ತದೆ.

ಈ ಕೆಲಸ ಹುಡುಗಿಯರದ್ದು ಮಾತ್ರ ಎಂದು ಹುಡುಗರು ದೂರ ನಿಲ್ಲಬೇಕಾಗಿಲ್ಲ. ಬಿಸ್ಕತ್ತು ಜಜ್ಜಲು ತಮ್ಮ, ಅಳತೆಗೆ ಅಕ್ಕ, ಪಾತ್ರೆ ತೊಳೆಯಲು ಎಲ್ಲರೂ. ಒಲೆಯ ಹತ್ತಿರ ಚಿಕ್ಕವರ ಜೊತೆ ದೊಡ್ಡವರೊಬ್ಬರು ಇರಲಿ. ಕೈ ತೊಳೆದು ಕೆಲಸ ಆರಂಭಿಸಿ, ಅಡುಗೆಮನೆ ಒರೆಸಿ ಕೆಲಸ ಮುಗಿಸಿ.

ನಿಮಗೂ ನಿಮ್ಮ ಮನೆಯವರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.