ತಲೆಯೆಣಿಕೆಯ ತಂತ್ರಾಂಶ



ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಕಟ್ಟುವ ಪದ್ಧತಿಗೆ ಬಲ ಬಂದದ್ದು ನಮ್ಮ ನೆರೆಯಲ್ಲಿಯೇ. ನ್ಯೂಯಾರ್ಕ್ ರಾಜ್ಯದ ಆರ್ಮಾಂಕ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಐಬಿಎಂ, ಅದುವರೆಗೆ ಗಣಕಯಂತ್ರದ ಬೆಲೆಯಲ್ಲಿಯೇ ಅಡಕವಾಗಿದ್ದ ತಂತ್ರಾಂಶಗಳಲ್ಲಿ ಹಲವನ್ನು ಬೇರ್ಪಡಿಸಿ ಮಾರುವುದಾಗಿ 1969ರ ಜೂನ್ 23ರಂದು ಸಾರಿತು.

ಅಂದು ಯಂತ್ರದಿಂದ ಬಿಡಿಸಿಕೊಂಡ ಬೆಲೆ ಇಂದು ಮನುಷ್ಯರ ತಲೆಗೆ ಅಂಟಿಕೊಂಡಿದೆ. ಪ್ರೋಗ್ರಾಂ ಬರೆಯುವ ಶ್ರಮ ಹೆಚ್ಚಿಲ್ಲದೆ, ಬಿಲ್ಲು, ದಾಸ್ತಾನು, ರಜೆ ಅರ್ಜಿಗಳ ಕೆಲಸವನ್ನು ತಾನಾಗಿ ನಡೆಸುವ ‘ಲೋ-ಕೋಡ್’ ಸಾಧನಗಳಿವೆ; ಮೈಕ್ರೋಸಾಫ್ಟಿನ ಪವರ್ ಆಟೊಮೇಟ್, ಜೋಹೊ ಸಂಸ್ಥೆಯ ಕ್ರಿಯೇಟರ್ ಇಂಥವು. ಇವುಗಳ ಪರವಾನಗಿಯನ್ನು ಬಹುಮಟ್ಟಿಗೆ ತಿಂಗಳಿಗೆ ತಲೆಗಿಷ್ಟೆಂದು ಮಾರುತ್ತಾರೆ. ತಲೆಗೆ 15 ಡಾಲರ್ ಎಂದಿಟ್ಟುಕೊಂಡರೆ, ಎಡಿಸನ್ನಿನಲ್ಲಿ 20 ಜನ ದುಡಿಯುವ ಅಂಗಡಿಯೊಂದಕ್ಕೆ ವರ್ಷಕ್ಕೆ 3,600 ಡಾಲರ್.

ಆದಕಾರಣ ರುಜು ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿರಿ. ಬರಿದೆ ಒಪ್ಪಿಗೆಯ ಗುಂಡಿ ಒತ್ತುವವರೂ ಲೆಕ್ಕಕ್ಕೆ ಸೇರುವರೇ? ಹೊರಗಿನ ದತ್ತಾಂಶಕೋಶಕ್ಕೆ ಜೋಡಿಸಿದರೆ ದರ ಏರುವುದೇ? ಚಂದಾ ನಿಲ್ಲಿಸಿದ ದಿನ ನಮ್ಮ ಕೈಯಲ್ಲಿ ಉಳಿಯುವುದೇನು? ದತ್ತಾಂಶವನ್ನು ಹೊರತೆಗೆಯಬಹುದು, ನಾವು ಕಟ್ಟಿದ ಕಾರ್ಯಕ್ರಮವನ್ನು ಮತ್ತೊಂದು ಸಾಧನದಲ್ಲಿ ಸಾಮಾನ್ಯವಾಗಿ ಮೊದಲಿನಿಂದಲೇ ಕಟ್ಟಬೇಕು.

ಸಾಧನ ಬಾಡಿಗೆಯದಾಗಿರಲಿ, ಕೆಲಸದ ತಿಳಿವಳಿಕೆ ಮಾತ್ರ ಸ್ವಂತದ್ದಾಗಿರಲಿ. ಯಾವ ಕೆಲಸ ಯಾರಿಂದ ಯಾರಿಗೆ, ಯಾವ ನಿಯಮದಂತೆ ಸಾಗುವುದೆಂಬುದನ್ನು ಕಾಗದದ ಮೇಲೆ ಬರೆದಿಡಿರಿ. ಆ ಒಂದು ಹಾಳೆಗೆ ಯಾರ ಪರವಾನಗಿಯೂ ಬೇಡ.