ಒಡ್ಡಿನ ಹೊಂಗೆ, ಹೊಂಡದ ಜಲಪರ್ಣಿ



ಇವತ್ತು ಎರಡು ಹೂವಿನ ಗಿಡಗಳ ಮಾತು ಆಡುವವನಿದ್ದೇನೆ. ಹೂವಿನ ಮಾತು ಅಂದಕೂಡಲೆ ಇದು ಪೇಟೆಯ ಬಂಗಲೆಯವರ ಸುದ್ದಿ, ನಮಗೇನು ಸಂಬಂಧ ಎಂದು ಎದ್ದು ಹೋಗಬೇಡಿರಿ. ಈ ಎರಡರಲ್ಲಿ ಒಂದು ನಿಮ್ಮ ಹೊಂಡದ ನೀರು ಕುಡಿಯುತ್ತದೆ, ಇನ್ನೊಂದು ನಿಮ್ಮ ಹೊಲಕ್ಕೆ ಗೊಬ್ಬರ ಕೊಡುತ್ತದೆ. ಎರಡಕ್ಕೂ ಹೂವಿನ ಬಣ್ಣ ಮಾತ್ರ ಹೆಚ್ಚು ಕಡಿಮೆ ಒಂದೇ, ತೆಳು ನೇರಳೆ. ಮೋಸ ಹೋಗುವುದು ಅಲ್ಲಿಯೇ.

ಮೊದಲನೆಯದು ಹೊಂಗೆ. ನಮ್ಮ ಕಡೆ ಹುಲಗಲ ಎನ್ನುವವರೂ ಉಂಟು. ನಿಪ್ಪಾಣಿ, ಕಾಗವಾಡದ ಮಗ್ಗುಲಲ್ಲಿ ಮರಾಠಿ ಆಡುವವರು ಕರಂಜ ಎನ್ನುತ್ತಾರೆ. ಎರಡನೆಯದು ಜಲಪರ್ಣಿ. ಹೊಳೆಯ ಮೇಲೆ ಹಸಿರು ಹಾಸಿಗೆ ಹಾಸಿದ ಹಾಗೆ ತೇಲುತ್ತದಲ್ಲ, ದೇಟು ಉಬ್ಬಿಕೊಂಡು, ಮೇಲೆ ಗೊಂಚಲು ಹೂ ಬಿಟ್ಟು, ಅದೇ.

ಈಗ ಯಾಕೆ ಈ ಮಾತು? 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣ ಬೇಸಾಯದ ಊರುಗಳಲ್ಲಿ ಬಹಳ ಜನ ಹೊಲದಲ್ಲಿ ಕೃಷಿ ಹೊಂಡ ತೆಗೆಸಿದರು. ಹೊಂಡ ತುಂಬಿದ ವರ್ಷ ಕಣ್ಣಿಗೆ ಸಂತೋಷ. ಆಗ ಮನೆಯಲ್ಲಿ ಒಬ್ಬರಲ್ಲ ಒಬ್ಬರಿಗೆ ಅನಿಸುತ್ತದೆ, ನೀರಿನ ಮೇಲೆ ನಾಲ್ಕು ಹೂ ಇದ್ದರೆ ಎಷ್ಟು ಚೆಂದ ಎಂದು. ಹೊಳೆಯ ದಂಡೆಯ ಬೀಗರ ಊರಿಗೆ ಹೋದಾಗ ಒಂದು ಬುಟ್ಟಿ ಜಲಪರ್ಣಿ ತಂದು ಬಿಡುತ್ತಾರೆ. ಇನ್ನು ಕೆಲವರು ಬೇರೊಂದು ಲೆಕ್ಕ ಹಾಕುತ್ತಾರೆ: ಎಲೆ ನೆರಳು ಮಾಡುತ್ತದೆ, ಬಿಸಿಲಿಗೆ ನೀರು ಆರುವುದು ತಪ್ಪುತ್ತದೆ ಅಂತ. ಕೇಳಲಿಕ್ಕೆ ಸರಿ ಅನಿಸುವ ಮಾತು. ಆದರೆ ಆಗುವುದು ತಿರುವುಮುರುವು. ಬಯಲು ನೀರಿನ ಮೈಮೇಲಿಂದ ಆವಿಯಾಗಿ ಹೋಗುವುದಕ್ಕಿಂತ ಹೆಚ್ಚು ನೀರನ್ನು ಈ ಗಿಡ ತನ್ನ ಅಗಲ ಎಲೆಗಳಿಂದ ಹೊರಗೆ ಬಿಡುತ್ತದೆ. ಗಾಳಿ ಬಿಸಿ ಆದಷ್ಟೂ ಇದರ ಕುಡಿತ ಜಾಸ್ತಿ. ಹಿಂಗಾರಿ ಜೋಳಕ್ಕೆ, ಕಡಲೆಗೆ ಒಂದು ತೇವ ಕೊಡಲಿಕ್ಕೆ ಇಟ್ಟ ನೀರನ್ನು ಹೂವಿಗೆ ಕೊಟ್ಟ ಹಾಗಾಯಿತು.

ಬೆಳೆಯುವ ವೇಗವನ್ನಷ್ಟು ಕೇಳಿರಿ. ಬೆಚ್ಚಗಿನ, ಸತ್ವ ಇರುವ ನೀರು ಸಿಕ್ಕರೆ ಜಲಪರ್ಣಿ ಸುಮಾರು ಎರಡು ವಾರದೊಳಗೆ ಇಮ್ಮಡಿ ಆಗುತ್ತದೆ. ನೀವು ಹತ್ತು ಗಿಡ ಬಿಟ್ಟಿರಿ ಅನ್ನೋಣ. 15 ದಿನಕ್ಕೆ 20, ತಿಂಗಳಿಗೆ 40. ಐದು ತಿಂಗಳು ತುಂಬುವಾಗ ಲೆಕ್ಕ 10,240ಕ್ಕೆ ಹೋಗುತ್ತದೆ. ಅಷ್ಟು ಗಿಡಕ್ಕೆ ಹೊಂಡದಲ್ಲಿ ಜಾಗವೆಲ್ಲಿ? ಅಂದರೆ ನಡುವೆಯೇ ಹೊಂಡ ಮುಚ್ಚಿ ಹೋಗುತ್ತದೆ. ಕೆಳಗಿನ ನೀರಿಗೆ ಗಾಳಿ ಬೆಳಕು ಇಲ್ಲ, ಮೀನು ಬಿಟ್ಟಿದ್ದರೆ ಸಾಯುತ್ತದೆ, ಸೊಳ್ಳೆ ಏಳುತ್ತದೆ. ಪಂಪಿನ ಬಾಯಿಗೆ ಬೇರು ಸಿಕ್ಕಿಕೊಳ್ಳುವುದು ಬೇರೆ. ಎಲ್ಲವನ್ನೂ ಕಿತ್ತೊಗೆದೆವು ಎಂದು ಕೈ ತೊಳೆದುಕೊಂಡರೂ ಮುಗಿಯಲಿಲ್ಲ. ಕೆಸರಿಗೆ ಬಿದ್ದ ಬೀಜ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದು ಕೂತಿರಬಲ್ಲದು.

ಇದು ನಮ್ಮ ದೇಶದ ಗಿಡವೂ ಅಲ್ಲ. ದಕ್ಷಿಣ ಅಮೇರಿಕದ ಅಮೆಜಾನ್ ಹೊಳೆಯ ಸೀಮೆಯದು. ಹೂ ಚೆಂದ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ದೇಶದೇಶದ ತೋಟಗಳ ಕೊಳಗಳಿಗೆ ಒಯ್ದರು. ಹಾಗೆಯೇ ಬಂಗಾಳಕ್ಕೂ ಬಂತು. ಅಲ್ಲಿ ಕಾಲುವೆಗಳು ಕಟ್ಟಿದವು, ದೋಣಿ ನಡೆಯದಾಯಿತು, ಭತ್ತದ ಗದ್ದೆಗೂ ಹೊಕ್ಕಿತು. ಕೊನೆಗೆ ಇದನ್ನು ಕಿತ್ತು ಹಾಕಿಸುವ ಸಲುವಾಗಿಯೇ 1936ರಲ್ಲಿ ಬಂಗಾಳದಲ್ಲಿ ಒಂದು ಕಾಯದೆ ಮಾಡಬೇಕಾಯಿತು. ಒಂದು ಹೂವಿಗಾಗಿ ಕಾಯದೆ!

ನಮಗೆ ಬಂಗಾಳದ ತನಕ ಹೋಗುವ ಅಗತ್ಯವೂ ಇಲ್ಲ. ಮೇಲೆ ಇಚಲಕರಂಜಿ, ಕುರುಂದವಾಡದ ಕಡೆ ಪಂಚಗಂಗೆಯ ಮೇಲೆ ಬೇಸಿಗೆಯಲ್ಲಿ ಜಲಪರ್ಣಿ ಕಟ್ಟುವುದನ್ನು ಕಂಡವರು ನಿಮ್ಮೂರಲ್ಲೇ ಇದ್ದಾರು. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಕೃಷ್ಣೆ ನಮ್ಮ ಕಡೆ ಇಳಿಯುತ್ತಾಳೆ. ಊರ ಗಟಾರದ ನೀರು, ಕಾರಖಾನೆಯ ನೀರು, ಕಬ್ಬಿನ ಹೊಲದಿಂದ ತೊಳೆದು ಬಂದ ಸರಕಾರಿ ಗೊಬ್ಬರ, ಇವೆಲ್ಲ ಅದಕ್ಕೆ ಹಾಲು ಅನ್ನ ಇದ್ದಂತೆ. ಹಾಗಾಗಿ ಬರೀ ಗಿಡವನ್ನು ಬೈದು ಪ್ರಯೋಜನವಿಲ್ಲ. ಯೂರಿಯಾ ಅಳತೆ ಮೀರಿ ಚೆಲ್ಲಿ ಮೇಲೆ ನೀರು ಹಾಯಿಸುವವರೂ ಈ ಹೂವಿನ ತೋಟಿಗರೇ.

ಇನ್ನು ಹೊಂಗೆಗೆ ಬರೋಣ. ಈ ಗಿಡವನ್ನು ನಾವು ನೋಡಿ ನೋಡಿ ಸಸಾರ ಮಾಡಿದ್ದೇವೆ. ಒಳಗೆ ಆಳಕ್ಕೆ ತಾಯಿಬೇರು ಇಳಿಸುತ್ತದೆ, ಆದುದರಿಂದ ಮೇಲಿನ ಮಣ್ಣು ಸುಟ್ಟರೂ ಅದಕ್ಕೆ ಚಿಂತೆ ಇಲ್ಲ. ತೆಲಸಂಗದ ಕಡೆ ಬೇಸಿಗೆಯಲ್ಲಿ ಹೊಲವೆಲ್ಲ ಬೋಳಾಗಿರುವಾಗ ಇದು ಹೊಸ ಚಿಗುರು ಹೊದ್ದು ಹೂ ಬಿಟ್ಟು ನಿಲ್ಲುತ್ತದೆ. ಬುಡಕ್ಕೆ ಹೋಗಿ ನೋಡಿರಿ, ಪಂಚಮಿಯ ಅಳ್ಳು ಚೆಲ್ಲಿದ ಹಾಗೆ ಹೂ ಬಿದ್ದಿರುತ್ತದೆ, ಮೇಲೆ ಜೇನು ಗುಂಯ್ ಎನ್ನುತ್ತಿರುತ್ತದೆ. ಬರಕ್ಕೆ ತಾಳುವ ಈ ಗಿಡವೇ ಹಳ್ಳದ ದಂಡೆಯ ಗಿಡವೂ ಹೌದು. ಬುಡದಲ್ಲಿ ಕೆಲವು ದಿನ ನೀರು ನಿಂತರೂ ಸಾಯುವುದಿಲ್ಲ. 2019 ಮತ್ತು 2021ರ ಮಹಾಪೂರ ಕಂಡ ಹೊಳೆದಂಡೆಯ ಊರಿನವರಿಗೆ ಈ ಗುಣದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಗೆ ನೀರು ಕೊಟ್ಟು ಕೊಟ್ಟು ಸವಳಾದ ನೆಲವಿದೆಯಲ್ಲ, ಅಲ್ಲಿಯೂ ಒಂದು ಮಟ್ಟಿಗೆ ತಡೆಯುತ್ತದೆ.

ಶೇಂಗಾ, ಕಡಲೆಗಳ ಹಾಗೆ ಹೊಂಗೆಯೂ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಜಾತಿಯದು. ಆ ಸತ್ವ ಸೊಪ್ಪಿನಲ್ಲಿದೆ, ಹಿಂಡಿಯಲ್ಲಿದೆ. ಬೀಜದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಎಣ್ಣೆ. ವಿದ್ಯುತ್ತು ಬರುವ ಮೊದಲು ಎಷ್ಟೋ ಮನೆಗಳ ದೀಪ ಅದರಿಂದಲೇ ಉರಿಯಿತು. ಎಣ್ಣೆ ತೆಗೆದು ಉಳಿದ ಹಿಂಡಿಯಲ್ಲಿ ನೂರು ಕಿಲೋಕ್ಕೆ ಹತ್ತಿರ ಹತ್ತಿರ 4 ಕಿಲೋ ಸಾರಜನಕ ಇದೆ. ಕಬ್ಬಿನ ಬುಡಕ್ಕೆ, ತಂಬಾಕಿಗೆ, ತರಕಾರಿಗೆ ಹಾಕಬಹುದು. ಗೊಬ್ಬರವಾಗಿ ನಿಧಾನವಾಗಿ ಹತ್ತುತ್ತದೆ. ಒಂದು ಎಚ್ಚರ: ಇದನ್ನು ಶೇಂಗಾ ಹಿಂಡಿಯ ಹಾಗೆ ಎಮ್ಮೆಯ ಬಾನಿಗೆ ಸುರಿಯಬೇಡಿರಿ. ಕಹಿ, ವಿಷದ ಅಂಶ ಉಳ್ಳದ್ದು.

ಸೊಪ್ಪಿನ ಮಾತಿಗೆ ಜಲಪರ್ಣಿಯ ಪರವಾದಿಗಳು ಎದ್ದು ನಿಲ್ಲುತ್ತಾರೆ. ಅದೂ ಗೊಬ್ಬರ ಆಗುತ್ತದಲ್ಲ, ಪುಕ್ಕಟೆ ಸಿಗುತ್ತದಲ್ಲ, ಅಂತ. ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಮೈಯಲ್ಲಿ ನೂರಕ್ಕೆ 95 ಪಾಲು ಬರೀ ನೀರು. ನೂರು ಕಿಲೋ ಎಳೆದು ಹಾಕಿದರೆ ಒಣಗಿದ ಮೇಲೆ ಐದಾರು ಕಿಲೋ ಉಳಿಯುತ್ತದೆ. ಇದನ್ನು ಹೇರಿಕೊಂಡು ಎರಡು ಹರದಾರಿ ಬಂದರೆ ನೀವು ಹೇರಿದ್ದು ಹೊಳೆಯ ನೀರನ್ನೇ. ನಿಮ್ಮ ಹೊಲ ಹೊಳೆಗೆ ಹತ್ತಿಯೇ ಇದ್ದರೆ ಮಾತು ಬೇರೆ. ಹೂ ಬಿಡುವ ಮೊದಲೇ ತೆಗೆದು, ದಂಡೆಯ ಮೇಲೆ ಬಾಡಿಸಿ, ಸಗಣಿ ಮತ್ತು ಕಬ್ಬಿನ ರವದಿಯ ಜೊತೆ ಪದರ ಪದರವಾಗಿ ಒಟ್ಟಿ ಕೊಳೆಸಬಹುದು. ಹೊಟ್ಟೆಯೊಳಗೆ ಚೆನ್ನಾಗಿ ಕಾವು ಏಳಬೇಕು. ಕಾರಖಾನೆಯ ನೀರು ಸೇರುವ ಕಡೆಯ ಗಿಡವನ್ನು ಮಾತ್ರ ತರಕಾರಿಗೂ ದನಕ್ಕೂ ಮುಟ್ಟಿಸಬೇಡಿರಿ. ನೀರಿನಲ್ಲಿಯ ಕೆಟ್ಟ ಲೋಹದಂಶವನ್ನು ಅದು ಬೇರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ.

ಈಗಾಗಲೇ ಹೊಂಡಕ್ಕೆ ಬಿಟ್ಟವರು ಏನು ಮಾಡಬೇಕು? ಇವತ್ತೇ ತೆಗೆಯಿರಿ. ಹತ್ತು ಗಿಡ ಇದ್ದಾಗ ಮಕ್ಕಳ ಆಟ, ಹತ್ತು ಸಾವಿರ ಆದ ಮೇಲೆ ಆಳು ಹಚ್ಚಬೇಕು. ತೆಗೆದದ್ದನ್ನು ಹಳ್ಳಕ್ಕೆ ಒಗೆಯಬೇಡಿರಿ, ಅದು ಕೆಳಗಿನ ಊರಿನವರ ಕೆರೆಗೆ ಹೋಗುತ್ತದೆ. ಕಳೆನಾಶಕದ ಡಬ್ಬಿ ತರುವ ವಿಚಾರವನ್ನೂ ಬಿಡಿರಿ. ದನ ಕುಡಿಯುವ ನೀರದು. ದೊಡ್ಡ ಕೆರೆಗಳಿಗೆ ಬೇರೊಂದು ದಾರಿ ಇದೆ. ಈ ಗಿಡವನ್ನೇ ತಿಂದು ಬದುಕುವ ಒಂದು ಸಣ್ಣ ಮೂತಿಹುಳವನ್ನು 1982ರ ಸುಮಾರಿಗೆ ಪರದೇಶದಿಂದ ಬೆಂಗಳೂರಿಗೆ ತರಿಸಿ, ಬೇರೆ ಬೆಳೆ ಮುಟ್ಟುವುದಿಲ್ಲವೆಂದು ಪರೀಕ್ಷಿಸಿ, ಅಲ್ಲಿಯ ಕೆರೆಗಳಲ್ಲಿ ಬಿಟ್ಟರು. ಮರಿಹುಳ ದೇಟು ಕೊರೆಯುತ್ತದೆ, ಗಿಡ ನೀರು ಕುಡಿದು ಮುಳುಗುತ್ತದೆ. ನಿಂತ ನೀರಿನಲ್ಲಿ ಒಳ್ಳೆಯ ಕೆಲಸ ಮಾಡಿದೆ. ಆದರೆ ವರ್ಷಗಟ್ಟಲೆ ಕಾಯಬೇಕು, ಮಹಾಪೂರದಲ್ಲಿ ಗಿಡದ ಸಂಗಡ ಹುಳವೂ ಕೊಚ್ಚಿ ಹೋಗುತ್ತದೆ. ನಿಮ್ಮ ಸಣ್ಣ ಹೊಂಡಕ್ಕೆ ನಿಮ್ಮ ಕೈಯೇ ಸಾಕು.

ಹೊಂಗೆಯಲ್ಲಿ ಕುಂದೇ ಇಲ್ಲವೆಂದು ಹೊಗಳಿ ಏಳುವುದಿಲ್ಲ. ನೆರಳು ಬಿದ್ದ ನಾಲ್ಕು ಸಾಲು ಜೋಳ ಸೊರಗುತ್ತದೆ, ಪಕ್ಕದ ಬೇರಿನಿಂದ ಮರಿ ಏಳುತ್ತದೆ. ಅದಕ್ಕೆ ಹೊಲದ ನಡುವೆ ಬೇಡ. ಒಡ್ಡಿನ ಮೇಲೆ, ದಾರಿಯ ಮಗ್ಗುಲಿಗೆ, ಹಳ್ಳದ ದಂಡೆಗೆ ಹದಿನೈದು ಅಡಿಗೊಂದು ಹಚ್ಚಿರಿ. ನೆರೆಯವರ ಹೊಲದ ಗಡಿಯಲ್ಲಾದರೆ ಮೊದಲು ಅವರನ್ನು ಕೇಳಿಕೊಂಡು ಹಚ್ಚಿರಿ, ಆಮೇಲೆ ಚಾವಡಿ ಹತ್ತುವುದು ತಪ್ಪುತ್ತದೆ. ಹೊಂಡದ ಏರಿಯ ಮೇಲಂತೂ ಬೇಡವೇ ಬೇಡ, ಬೇರು ತಾಡಪಾಲು ಹರಿದೀತು. ಹತ್ತಿಪ್ಪತ್ತು ಹೆಜ್ಜೆ ದೂರ ಇರಲಿ. ಮಳೆಗಾಲದ ಮುಂಚೆ ಟೊಂಗೆ ಸವರಿ ಸೊಪ್ಪನ್ನು ಹೊಲಕ್ಕೆ ಹಾಕಿ ಹರಗಿದರೆ ನೆರಳೂ ಕಡಿಮೆ, ಗೊಬ್ಬರವೂ ಆಯಿತು.

ಬೀಜ ಕೊಂಡು ತರಬೇಕಾಗಿಲ್ಲ. ಬೇಸಿಗೆಯಲ್ಲಿ ಒಳ್ಳೆಯ ಗಿಡದ ಬುಡದಲ್ಲಿ ಬಲಿತು ಬಿದ್ದ ಕಾಯಿ ಆರಿಸಿ, ಬಡಿದು, ಬೀಜ ತೆಗೆದಿಡಿರಿ. ಹಳೆಯ ಬೀಜ ಹುಟ್ಟುವುದಿಲ್ಲ, ಆ ವರ್ಷದ್ದು ಆ ವರ್ಷವೇ ಬಿತ್ತಬೇಕು. ಒಂದೂವರೆ ಅಡಿ ತಗ್ಗು ತೆಗೆದು, ಬುಟ್ಟಿ ತಿಪ್ಪೆಗೊಬ್ಬರ ಕೂಡಿಸಿ, ಮಿರಗದ ಮಳೆ ಬಿದ್ದ ಮೇಲೆ ತಗ್ಗಿಗೆ ಎರಡು ಬೀಜ ಊರಿರಿ. ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಗಟ್ಟಿಯಾದದ್ದನ್ನು ಉಳಿಸಿ ಇನ್ನೊಂದನ್ನು ಕೀಳಿರಿ. ದನ ಇದಕ್ಕೆ ಬಾಯಿ ಹಾಕುವುದು ಕಡಿಮೆ, ಆದರೂ ಆಡಿನ ನಂಬಿಗೆ ಇಲ್ಲ, ಸುತ್ತ ಜಾಲಿಮುಳ್ಳು ಕಟ್ಟಿರಿ. ಮೊದಲ ಎರಡು ಬೇಸಿಗೆ ವಾರಕ್ಕೊಂದು ಕೊಡ ನೀರು ಬೇಕು. ಹೊಂಡದಲ್ಲಿ ಜಲಪರ್ಣಿ ಇಲ್ಲದಿದ್ದರೆ ಆ ಕೊಡದ ನೀರು ಅಲ್ಲಿಯೇ ಸಿಗುತ್ತದೆ.