ಲಂಡನ್ನಿನಲ್ಲಿ ಒಂದು ದಿನ, ಮೂರು ಪ್ರಶ್ನೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮಕ್ಕಳಿಗೆ ಉಪಯೋಗವಾಗುವ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ನಾನೀಗ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಹೋದ ವರ್ಷ ನಮ್ಮ ಹದಿನಾರು ವಿದ್ಯಾರ್ಥಿಗಳೊಂದಿಗೆ ಇಂಗ್ಲೆಂಡಿಗೆ ಹೋಗಿದ್ದೆ. ಲಂಡನ್ ನೋಡಲು ಸಿಕ್ಕಿದ್ದು ಒಂದೇ ದಿನ. ಆ ದಿನದ ಬಗ್ಗೆ ಹೇಳುತ್ತೇನೆ.

ಬೆಳಿಗ್ಗೆ ಪಾರ್ಲಿಮೆಂಟ್ ಚೌಕಕ್ಕೆ ಹೋದೆವು. ಅಲ್ಲಿ ಚರ್ಚಿಲ್ ಪ್ರತಿಮೆಯಿದೆ. 2015ರಲ್ಲಿ ನಿಲ್ಲಿಸಿದ ಗಾಂಧೀಜಿ ಪ್ರತಿಮೆಯೂ ಅದೇ ಚೌಕದಲ್ಲಿದೆ. ಸೇತುವೆ ದಾಟಿ ಥೇಮ್ಸ್ ನದಿಯ ಆಚೆ ದಡಕ್ಕೆ ಹೋದರೆ ನಮ್ಮ ಬಸವಣ್ಣನವರ ಪ್ರತಿಮೆ! ಅದು ಅನಾವರಣಗೊಂಡದ್ದು 2015ರ ನವೆಂಬರ್‌ನಲ್ಲಿ. ನಮ್ಮ ಹುಡುಗರು ಎಲ್ಲ ಕಡೆಯೂ ಫೋಟೊ ತೆಗೆದುಕೊಂಡರು, ಮುಂದೆ ನಡೆದರು.

ಮಧ್ಯಾಹ್ನ ಸುರಂಗ ರೈಲು ಹತ್ತಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಪ್ರವೇಶ ಉಚಿತ. ಅಲ್ಲಿದೆ ಟಿಪ್ಪುವಿನ ಹುಲಿ. ಮರದ ಹುಲಿಯ ಕೆಳಗೆ ಯುರೋಪಿನವನೊಬ್ಬ ಅಂಗಾತ ಬಿದ್ದಿದ್ದಾನೆ. ಹುಲಿಯ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುವ, ಮನುಷ್ಯ ನರಳುವ ಸದ್ದು ಬರುವಂತೆ, ಅವನ ಕೈ ಮೇಲೇಳುವಂತೆ ಮಾಡಿದ್ದಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಕೈಸೇರಿದ ವಸ್ತು ಅದು.

ಅದರ ಮುಂದೆ ಲಂಡನ್ನಿನ ಪ್ರಾಥಮಿಕ ಶಾಲೆಯ ಮಕ್ಕಳು ನೆಲದ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದರು. ಅವರ ಟೀಚರು ಮೂರೇ ಪ್ರಶ್ನೆ ಕೇಳಿದರು: ಇದನ್ನು ಯಾರು ಮಾಡಿಸಿದರು? ಏಕೆ ಮಾಡಿಸಿದರು? ಇದು ಇಲ್ಲಿಗೆ ಹೇಗೆ ಬಂತು? ನಾವು ಕರ್ನಾಟಕದವರೆಂದು ತಿಳಿದಾಗ, ‘ಹಾಗಾದರೆ ನೀವೇ ಹೇಳಿ’ ಎಂದರು. ನಮ್ಮವರು ಮುಖ ಮುಖ ನೋಡಿಕೊಂಡರು. ಕೊನೆಗೆ ಸರ್ಕಾರಿ ಶಾಲೆಯಲ್ಲಿ ಓದಿಬಂದ ಒಬ್ಬ ಹುಡುಗಿ ಮುಂದೆ ಬಂದು, ಹೈದರ್ ಮತ್ತು ಟಿಪ್ಪು 1780ರಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಸೈನ್ಯವನ್ನು ಸೋಲಿಸಿದ್ದರಿಂದ ಹಿಡಿದು 1799ರವರೆಗೆ ಹರಕುಮುರುಕು ಇಂಗ್ಲಿಷಿನಲ್ಲೇ ಹೇಳಿದಳು. ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಕೇಳಿದರು.

ವಾಪಸು ಬರುವಾಗ ರೈಲಿನಲ್ಲಿ ದೊಡ್ಡ ವಾದವೇ ನಡೆಯಿತು. ಹುಲಿಯನ್ನು ನಮಗೆ ಹಿಂದಿರುಗಿಸಬೇಕು ಎಂದ ಒಬ್ಬ. ಅಲ್ಲಿದ್ದರೆ ಜಗತ್ತೇ ನೋಡುತ್ತದೆ ಎಂದ ಇನ್ನೊಬ್ಬ. ಆ ಹುಡುಗಿ ಕೇಳಿದಳು: ‘ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲಿದೆ. ಅದನ್ನು ಯಾರೂ ಒಯ್ದಿಲ್ಲ. ನಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?’ ಮೇಲೆದ್ದದ್ದು ನಾಲ್ಕೇ ಕೈ.

ಮಕ್ಕಳೇ, ಹುಲಿ ಎಲ್ಲಿರಬೇಕೆಂದು ನೀವು ದೊಡ್ಡವರಾದ ಮೇಲೆ ವಾದಿಸಿ. ವಾದಿಸಲೇಬೇಕು. ಆದರೆ ನಮ್ಮದು ಎಂದು ಕೇಳುವವರಿಗೆ ಅದರ ಕಥೆ ಗೊತ್ತಿರಬೇಕು. 1784ರ ದರಿಯಾ ದೌಲತ್ ನಮ್ಮೂರಿಂದ ಎರಡು ಗಂಟೆಯ ಬಸ್ ದಾರಿ.

ಆದ್ದರಿಂದ ನಮ್ಮ ಬ್ಯಾಚಿನವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳು ಒಂದು ದಿನ ಶ್ರೀರಂಗಪಟ್ಟಣಕ್ಕೆ ಹೋಗಿಬರಲು ಬಸ್ಸಿನ ಖರ್ಚು ನಮ್ಮದು. ಒಂದೇ ಷರತ್ತು: ಪ್ರತಿಯೊಬ್ಬರೂ ಒಂದು ವಸ್ತುವಿನ ಮುಂದೆ ಕುಳಿತು, ಅದರ ಚಿತ್ರ ಬರೆದು, ಆ ಮೂರು ಪ್ರಶ್ನೆಗೆ ಉತ್ತರ ಹುಡುಕಬೇಕು. ಮೊದಲ ಬಸ್ಸು ಈ ವರ್ಷವೇ ಹೊರಡಲಿ.